ಆಯಿ ಕುಳಿತು ನೋಡಿದ ಗಾಲಿ

ನಿಲ್ಲಿಸಿಟ್ಟ ಸೈಕಲ್ ಕಂಡರೆ ನನ್ನ ಬೆರಳಿಗೆ ಸುಮ್ಮನಿರಲು ಬರುವುದಿಲ್ಲ. ಯಾರದ್ದೇ ಇರಲಿ, ಎಲ್ಲಿಯೇ ಇರಲಿ, ಪಕ್ಕದಲ್ಲಿ ಹಾದುಹೋಗುವಾಗ ಹಿಂದಿನ ಗಾಲಿಯ ಕಡ್ಡಿಗಳ ಮೇಲೆ ಒಮ್ಮೆ ಉಗುರು ಆಡಿಸಿಯೇ ಮುಂದೆ ಹೋಗಬೇಕು. ಟಿಣ್ ಎಂದರೆ ಸಮಾಧಾನ. ಟಪ್ ಎಂದರೆ ಮುಗಿಯಿತು. ಈ ಕಡ್ಡಿ ಸಡಿಲಾಗಿದೆ, ಎದುರಿನದು ಎಳೆಯುತ್ತಿದೆ, ಗಾಲಿ ಈ ಕಡೆಗೋ ಆ ಕಡೆಗೋ ವಾಲಿರಲೇಬೇಕು ಎಂದು ತಲೆ ತಾನಾಗಿ ಲೆಕ್ಕ ಹಾಕತೊಡಗುತ್ತದೆ. ಕೈಯಲ್ಲಿ ತರಕಾರಿ ಚೀಲವಿದೆ, ಹಿಂದೆ ಯಜಮಾನರು ಕಾಯುತ್ತಿದ್ದಾರೆ ಎನ್ನುವುದೆಲ್ಲ ಆಗ ಮರೆತೇ ಹೋಗಿರುತ್ತದೆ.

ನಾನು ಈಗ ಇರುವುದು ನಿಪ್ಪಾಣಿಯಲ್ಲಿ. ಒಮ್ಮೆ ಕೊಗನೊಳ್ಳಿಗೆ ಹೋದಾಗ ಹೆದ್ದಾರಿ ಪಕ್ಕದ ಚಹಾದಂಗಡಿಯ ಮುಂದೆ ಎರಡೂ ಬದಿಗೆ ಹಾಲಿನ ಕ್ಯಾನು ಕಟ್ಟಿದ ಸೈಕಲ್ಲೊಂದು ನಿಂತಿತ್ತು. ಅಷ್ಟು ಭಾರ ಹೊತ್ತ ಗಾಲಿಯನ್ನು ಮಾತಾಡಿಸದೆ ಹೋಗುವುದು ಹೇಗೆ? ಬಗ್ಗಿ ಬೆರಳು ಆಡಿಸಿದೆ. ಅಂಗಡಿಯೊಳಗಿಂದ ಬಸಿಯಲ್ಲಿ ಚಹಾ ಹಿಡಿದುಕೊಂಡೇ ಹಾಲಿನವನು ಹೊರಗೆ ಬಂದ. "ಓ ಬಾಯಿ, ಹವಾ ಕಾ ಸೋಡತಾಯ?" ಎಂದ. ನಾನು ಅವನ ಗಾಲಿಯ ಗಾಳಿ ಬಿಡುತ್ತಿದ್ದೇನೆ ಎಂದುಕೊಂಡಿದ್ದ. "ಹವಾ ಅಲ್ರಿ, ಕಡ್ಡಿ ಸಡ್ಲ ಆಗ್ಯಾವ. ಹಿಂಗ ಕ್ಯಾನ ಹೇರಿದ್ರ ಮುರೀತಾವ್ರಿ" ಎಂದೆ. ಅವನು ನನ್ನನ್ನು ನೋಡಿದ, ನನ್ನ ಕಾಟನ್ ಸೀರೆ ನೋಡಿದ, ಕೊನೆಗೆ ನನ್ನ ಯಜಮಾನರನ್ನು ನೋಡಿದ. ಅವರು ಕನ್ನಡಕ ಒರೆಸಿಕೊಳ್ಳುತ್ತ, "ಆಕೀಗಿ ಇದು ಹಳೇ ಜಡ್ಡ ಐತ್ರಿ, ನೀವ ಚಾ ಕುಡೀರಿ" ಎಂದು ನನ್ನನ್ನು ಎಳೆದುಕೊಂಡು ನಡೆದರು.

ಜಡ್ಡು ಹತ್ತಿದ್ದು ಐನಾಪುರದಲ್ಲಿ, ನನ್ನ ತವರುಮನೆಯ ಅಂಗಳದಲ್ಲಿ. ಹಚ್ಚಿದವಳು ನಮ್ಮ ಆಯಿ, ಅಂದರೆ ಅಪ್ಪನ ತಾಯಿ. ಅವಳು ಜೀವಮಾನದಲ್ಲಿ ಒಮ್ಮೆಯೂ ಸೈಕಲ್ ತುಳಿದವಳಲ್ಲ. ಅವಳ ವಿದ್ಯೆ ಬೇರೆ. ಅವಳು ಕುಳಿತು ನೋಡುತ್ತಿದ್ದಳು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬೇರೆ ಮನೆಗಳಲ್ಲಿ ಹೊಸ ವಸ್ತು ಬಂದರೆ ಅರಿಶಿನ ಕುಂಕುಮ ಹಚ್ಚುತ್ತಾರೆ, ಕಾಯಿ ಒಡೆಯುತ್ತಾರೆ. ನಮ್ಮ ಮನೆಯಲ್ಲಿ ಅದೆಲ್ಲ ಆಮೇಲೆ. ಮೊದಲು ಆಯಿ ಅದರ ಮೇಲೆ ಕೂರಬೇಕು. ಆಯಿ ಎತ್ತರಕ್ಕೆ ತಕ್ಕ ದಪ್ಪ, ದಪ್ಪಕ್ಕೆ ತಕ್ಕ ದನಿ ಇದ್ದ ಹೆಂಗಸು. ಹೊಸ ಮಂಚ ಬಂತೆಂದರೆ ಅದರ ನಟ್ಟನಡುವೆ ಕುಳಿತು, ಎರಡು ಸಲ ಮೈ ಅಲುಗಾಡಿಸಿ, ಕಿವಿಗೊಟ್ಟು ಕೇಳುತ್ತಿದ್ದಳು. ಮಂಚ ಸುಮ್ಮನಿದ್ದರೆ ಪಾಸು, ಕಿರ್ ಎಂದರೆ ಬಡಗಿಯ ಮನೆಗೆ ವಾಪಸು. ವರ್ಷಕ್ಕೊಮ್ಮೆ ಕೊಕಟನೂರ ಎಲ್ಲಮ್ಮನಿಗೆ ಹೋಗುವ ಮುನ್ನ ಚಕ್ಕಡಿಯ ನೊಗ ಕಟ್ಟುವ ಮೂಕಿಯ ಮೇಲೂ ಕುಳಿತು ನೋಡುತ್ತಿದ್ದಳು. ದೊಡ್ಡಪ್ಪ ಸಾಂಗಲಿಯಿಂದ ಆಸೆಪಟ್ಟು ತಂದ ಸೋಫಾ ಅವಳು ಕುಳಿತ ಗಳಿಗೆಯಲ್ಲೇ ಒಳಗಿನಿಂದ ಏನೋ ಮುರಿದ ಸದ್ದು ಮಾಡಿ, ಮರುದಿನ ಬಂದ ದಾರಿಯಲ್ಲೇ ಹೋಯಿತು. ನನ್ನ ಸೋದರತ್ತೆಗೆ ಗಂಡು ನೋಡಲು ಹೋದ ಮನೆಯಲ್ಲಿ ಜೋಕಾಲಿಯ ಮೇಲೆ ಕುಳಿತು, "ಹುಡುಗ ಛಲೋ ಅದಾನ, ಜೋಕಾಲಿ ಸರಪಳಿ ಹಗೂರ ಅದಾವ" ಎಂದು ಎದ್ದು ಬಂದಿದ್ದಳಂತೆ. ಆ ಸಂಬಂಧ ಆಗಲಿಲ್ಲ. ಮುಂದೆ ಆ ಮನೆಯವರು ಚೆನ್ನಾಗಿಯೇ ಬಾಳಿದರು ಎನ್ನುವುದು ಬೇರೆ ಮಾತು.

ನಾನು ಹತ್ತನೆಯ ಇಯತ್ತೆ ಪಾಸಾದ ಬೇಸಿಗೆ ಅದು, ತೊಂಬತ್ತರ ಆಸುಪಾಸು. ಮುಂದೆ ಓದಬೇಕೆಂದರೆ ಕಾಗವಾಡದ ಕಾಲೇಜಿಗೆ ಹೋಗಬೇಕು. ಬೆಳಗಿನ ಬಸ್ಸು ನಮ್ಮೂರಿಗೆ ಬರುವಷ್ಟರಲ್ಲಿ ಬಾಗಿಲಲ್ಲಿ ಜನ ಜೋತುಬಿದ್ದಿರುತ್ತಿದ್ದರು. ನಿಲ್ಲಿಸುವುದೂ ಬಿಡುವುದೂ ಡ್ರೈವರನ ಮನಸ್ಸಿಗೆ ಬಿಟ್ಟದ್ದು. ಹಾಗಾಗಿ ಸೈಕಲ್ ಸಿಕ್ಕರೆ ಕಾಲೇಜು, ಇಲ್ಲದಿದ್ದರೆ ಮನೆಯಲ್ಲಿ ಹೊಲಿಗೆ ಮತ್ತು ಗಂಡು ನೋಡುವುದು. ಹೊಲಿಗೆಗೆ ನನ್ನದೇನೂ ತಕರಾರಿರಲಿಲ್ಲ. ಆದರೆ ನನಗೆ ಓದುವ ಹುಚ್ಚು ಹಿಡಿದಿತ್ತು, ಅದಕ್ಕಿಂತ ಹೆಚ್ಚಾಗಿ ಸೈಕಲ್ ತುಳಿಯುವ ಹುಚ್ಚು. ಎರಡರಲ್ಲಿ ಯಾವುದಕ್ಕಾಗಿ ಕಾಲೇಜಿಗೆ ಹೊರಟಿದ್ದೆ ಎಂದು ಈಗ ಕೇಳಿದರೆ ಹೇಳಲಾರೆ.

ರಾಯಬಾಗದ ಸೋದರಮಾವ ಪುಣ್ಯ ಕಟ್ಟಿಕೊಂಡ. ಅವನ ಮಗಳು ಮದುವೆಯಾಗಿ ಹೋದ ಮೇಲೆ ಮೂಲೆ ಸೇರಿದ್ದ ಲೇಡೀಸ್ ಸೈಕಲ್ಲನ್ನು ಬಸ್ಸಿನ ಟಾಪಿಗೆ ಏರಿಸಿ ಕಳಿಸಿಕೊಟ್ಟ. ಹಸಿರು ಬಣ್ಣ, ಮುಂದೆ ತಂತಿಯ ಬುಟ್ಟಿ, ಹಿಂದೆ ಗಟ್ಟಿಮುಟ್ಟಾದ ಕ್ಯಾರಿಯರ್, ಹ್ಯಾಂಡಲ್ಲಿನ ತುದಿಗೆ ಬಣ್ಣಬಣ್ಣದ ಗೊಂಡೆ. ಬಸ್ ಸ್ಟ್ಯಾಂಡಿನಲ್ಲಿ ಅದನ್ನು ಹಗ್ಗ ಕಟ್ಟಿ ಇಳಿಸುವಾಗ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಇಳಿದ ಮೇಲೆ ನೋಡಿದರೆ ಹಿಂದಿನ ಗಾಲಿ ಡೊಂಕು. ದಾರಿಯಲ್ಲಿ ಯಾರೋ ಬೆಲ್ಲದ ಪೆಂಟೆಗಳನ್ನು ಅದರ ಮೇಲೆಯೇ ಎಸೆದಿದ್ದರು. ತಿರುಗಿಸಿದರೆ ಸುತ್ತಿಗೊಮ್ಮೆ ಬ್ರೇಕಿನ ರಬ್ಬರಿಗೆ ತಗಲಿ ಕಚ್ ಎನ್ನುತ್ತಿತ್ತು. ಇದಕ್ಕೆ ನಮ್ಮ ಕಡೆ ಗಾಲಿ ಔಟ್ ಆಗಿದೆ ಎನ್ನುತ್ತಾರೆ. ಕಡ್ಡಿಗಳನ್ನು ಬಿಗಿ ಸಡಿಲ ಮಾಡಿ ಗಾಲಿಯನ್ನು ನೆಟ್ಟಗೆ ಮಾಡುವುದಕ್ಕೆ ಔಟ್ ತೆಗೆಯುವುದು ಎಂದು ಹೆಸರು.

ಔಟ್ ತೆಗೆಯಲು ದೊಡ್ಡಪ್ಪ ಮುಂದೆ ಬಂದರು. ಮನೆಯ ಯಜಮಾನಿಕೆ ಅವರದೇ. ನಮ್ಮ ಅಪ್ಪ ಅಣ್ಣನ ಎದುರು ಕೆಮ್ಮಲೂ ಹಿಂದೆಮುಂದೆ ನೋಡುವ ಮನುಷ್ಯ. ದೊಡ್ಡಪ್ಪನಿಗೆ ಎರಡು ಹೆಮ್ಮೆಗಳಿದ್ದವು. ಒಂದು ಟ್ರ್ಯಾಕ್ಟರ್, ಇನ್ನೊಂದು ದ್ರಾಕ್ಷಿ ತೋಟ, ನಮ್ಮ ಕಡೆಯ ಮಾತಿನಲ್ಲಿ ಪಡ. ಟ್ರ್ಯಾಕ್ಟರ್ ಹಿಂದಿನ ವರ್ಷ ಅಥಣಿ ರಸ್ತೆಯಲ್ಲಿ ಕೈಕೊಟ್ಟು, ಅವರು ಅದನ್ನು ಅಲ್ಲೇ ಬಿಟ್ಟು ಟಾವೆಲ್ ತಲೆಗೆ ಸುತ್ತಿಕೊಂಡು ನಡೆಯುತ್ತ ಮನೆಗೆ ಬಂದಿದ್ದರು. ಆ ವಿಷಯವನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಪಡದ ವಿಷಯ ಹಾಗಲ್ಲ. ಬಳ್ಳಿ ಹಬ್ಬಿಸುವ ತಂತಿಗಳನ್ನು ವರ್ಷವರ್ಷವೂ ತಾವೇ ನಿಂತು ಬಿಗಿಯುತ್ತಿದ್ದರು. ಬಿಗಿದಾದ ಮೇಲೆ ತಂತಿಗೆ ಪಕ್ಕಡದಿಂದ, ಅಂದರೆ ಇಕ್ಕಳದಿಂದ, ಒಂದು ಹೊಡೆತ. ಅದು ಝುಂಯ್ ಎಂದು ಆ ತುದಿಯವರೆಗೂ ಹಾಡಬೇಕು. ಹಾಡಿತೆಂದರೆ ಗೊನೆ ಎಷ್ಟೇ ಇಳಿಬಿದ್ದರೂ ಪಡ ಬಾಗುವುದಿಲ್ಲ. ಇದು ಅವರು ಕಂಡುಕೊಂಡ ಸತ್ಯ, ಮತ್ತು ಸತ್ಯವೇ.

ಅದೇ ಪಕ್ಕಡ ಹಿಡಿದು ಸೈಕಲ್ಲಿನ ಮುಂದೆ ಕುಳಿತರು. "ಗಾಲಿ ಅಂದ್ರ ಮತ್ತೇನ? ಇದೂ ಒಂದು ಸಣ್ಣ ಪಡ. ಬಿಗಿ ಇಲ್ಲದ್ದು ಯಾವದೂ ಭಾರ ಹೊರೂದಿಲ್ಲ" ಎಂದರು. ಕಡ್ಡಿಯ ಬುಡದಲ್ಲಿರುವ ಹಿತ್ತಾಳೆಯ ನಿಪ್ಪಲ್ಲನ್ನು ಪಕ್ಕಡದಿಂದ ಕಚ್ಚಿ ತಿರುಗಿಸುತ್ತ ಹೋದರು. ಒಂದು ಬಿಗಿಯಾದ ಕೂಡಲೇ ಬಾರಿಸಿ ಕೇಳುವುದು, ಸಾಲದಾದರೆ ಮತ್ತೆ ತಿರುಗಿಸುವುದು. ನಾನು ಪಕ್ಕದಲ್ಲಿ ಕುಳಿತು ಖುಷಿಯಿಂದ ತಲೆಯಾಡಿಸುತ್ತಿದ್ದೆ. ಗಾಲಿ ನಿಜವಾಗಿಯೂ ಹಾಡತೊಡಗಿತ್ತು. ಅರ್ಧ ದಾಟುವಷ್ಟರಲ್ಲಿ ರಿಮ್ಮು ಒಂದು ಕಡೆ ಒಳಗೆ, ಒಂದು ಕಡೆ ಹೊರಗೆ ಹೊರಳಿ, ಎಣ್ಣೆಗೆ ಬಿಟ್ಟ ಹಪ್ಪಳದಂತೆ ಆಯಿತು. ಅದರ ಹಿಂದೆಯೇ ಭುಸ್ ಎಂದಿತು. ಕಡ್ಡಿಯೊಂದರ ತುದಿ ನಿಪ್ಪಲ್ ದಾಟಿ ಒಳಗಿನ ಟ್ಯೂಬಿಗೆ ಚುಚ್ಚಿತ್ತು.

ದೊಡ್ಡಪ್ಪ ಪಕ್ಕಡ ಕೆಳಗಿಟ್ಟರು. "ಮಾಲ ಹಲ್ಕಟ್ ಐತಿ" ಎಂದರು. ಆಮೇಲೆ ಮನೆಯೆಲ್ಲ ಕೇಳುವಂತೆ ತೀರ್ಪು ಕೊಟ್ಟರು. "ಇಂಥಾ ಗಾಲಿ ನಂಬಿ ನಾ ಹುಡುಗೀನ ಕಳಸೂದಿಲ್ಲ. ಎರಡೂ ಬಾಜೂ ಆಳೆತ್ತರ ಕಬ್ಬ. ನಡು ಹಾದ್ಯಾಗ ಮುರಕೊಂಡ ನಿಂತ್ರ ಈಕಿ ಏನ ಮಾಡ್ಬೇಕ? ಯಾರನ ಕರೀಬೇಕ?"

ಅವರ ಹೆದರಿಕೆ ಸುಳ್ಳಲ್ಲ ಎಂದು ನನಗೂ ಗೊತ್ತಿತ್ತು. ಅದಕ್ಕೇ ಹೆಚ್ಚು ಅಳು ಬಂತು. ಅವ್ವ ಒಳಗಿನಿಂದ ಬಂದು ನನ್ನ ಬೆನ್ನ ಹಿಂದೆ ನಿಂತಳು, ಅಪ್ಪ ನೆಲ ನೋಡಿದರು. ಆಗ ಪಡಸಾಲೆಯ ಕಂಬಕ್ಕೆ ಒರಗಿ ತಂಬಾಕು ತಿಕ್ಕುತ್ತಿದ್ದ ಆಯಿ, ಕೈ ಝಾಡಿಸಿಕೊಂಡು ಮೂರೇ ಮಾತು ಆಡಿದಳು.

"ನಾ ಕುಂತ ನೋಡ್ತೀನಿ."

ಎಲ್ಲರೂ ಅವಳ ಕಡೆ ತಿರುಗಿದರು. "ಯವ್ವಾ, ಇದು ಮಂಚ ಅಲ್ಲ, ಸೈಕಲ್ ಐತಿ" ಎಂದರು ದೊಡ್ಡಪ್ಪ. "ಕಣ್ಣ ಕಾಣ್ತಾವ ನನಗ" ಎಂದ ಆಯಿ ನನ್ನತ್ತ ಕೈ ಮಾಡಿದಳು. "ಸುಮಿ ಗಾಲಿ ಸರಿ ಮಾಡ್ಲಿ. ನಾ ಹಿಂದ ಕುಂಡರ್ತೀನಿ. ಕಾಗವಾಡಕ್ಕ ಹೋಗಿ ಬರ್ತೀವಿ. ನನ್ನ ಹೊತ್ತ ಗಾಲಿ ಆಕೀನ ಹೊರೂದಿಲ್ಲೇನ?" ನಮ್ಮ ಮನೆಯ ಕಾಯಿದೆಯೇ ಅದು, ದೊಡ್ಡಪ್ಪ ಒಪ್ಪಲೇಬೇಕಾಯಿತು. ಆದರೂ ಒಂದು ಷರತ್ತು ಹಾಕಿದರು. "ಆತು. ಆದ್ರ ಹೋಗಿ ಬರೂದ್ರಾಗ ಒಂದ ಕಡ್ಡಿ ಮುರದ್ರೂ ಕಾಲೇಜ ಇಲ್ಲ. ಮತ್ತ ಯಾರೂ ಸೊಲ್ಲ ಎತ್ತಬಾರದು." ಆಯಿ ತಲೆಯಾಡಿಸಿದಳು. ಕಾರಹುಣ್ಣಿಮೆ ಮುಗಿದು ಬರುವ ಸೋಮವಾರ ಕಾಲೇಜು ಶುರು. ಅದರ ಹಿಂದಿನ ಶನಿವಾರ ಪರೀಕ್ಷೆ ಎಂದಾಯಿತು.

ಊರಿನ ಸೈಕಲ್ ಅಂಗಡಿಯವನು ಗಾಲಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. ಬಾಡಿಗೆ ಸೈಕಲ್ಲುಗಳ ರಿಪೇರಿಯಲ್ಲಿ ಅವನಿಗೆ ಪುರಸೊತ್ತಿರಲಿಲ್ಲ. ಟ್ಯೂಬಿಗೆ ತೇಪೆ ಹಾಕಿ, ಸುತ್ತಲೂ ಕಚ್ಚುಗಳಿದ್ದ, ನಿಪ್ಪಲ್ ತಿರುಗಿಸುವ ದುಂಡನೆಯ ಚಾವಿಯೊಂದನ್ನು ಕೈಗಿತ್ತು, "ಎಲ್ಲಾ ಸಡ್ಲ ಮಾಡಿ ಮೊದಲಿಂದ ಸುರು ಮಾಡ ತಂಗಿ. ಕೆಟ್ರ ಮತ್ತ ಸಡ್ಲ ಮಾಡು" ಎಂದು ಕಳಿಸಿದ. ಕೆಡುವುದಕ್ಕೆ ಇನ್ನೇನು ಉಳಿದಿದೆ ಎಂದುಕೊಂಡು ಸೈಕಲ್ಲನ್ನು ಅಂಗಳದಲ್ಲಿ ತಲೆಕೆಳಗಾಗಿ ನಿಲ್ಲಿಸಿದೆ.

ಕೆಡುವುದಕ್ಕೆ ಬಹಳ ಉಳಿದಿತ್ತು ಎಂದು ಕೂಡಲೇ ತಿಳಿಯಿತು. ಮೊದಲ ದಿನವೆಲ್ಲ ನಾನು ತಿರುಗಿಸಿದ್ದೇ ಉಲ್ಟಾ. ನಿಪ್ಪಲ್ಲು ರಿಮ್ಮಿನ ಆಚೆಗೆ ಮುಖ ಮಾಡಿ ಕುಳಿತಿರುತ್ತದೆ, ನಾವು ಈಚೆಯಿಂದ ನೋಡುತ್ತೇವೆ. ಬೀಗ ತಿರುಗಿಸಿದ ಹಾಗೆ ತಿರುಗಿಸಿದರೆ ಬಿಗಿಯಾಗುವ ಬದಲು ಸಡಿಲಾಗುತ್ತದೆ. ಸಂಜೆಯ ಹೊತ್ತಿಗೆ ಗಾಲಿ ಜಾತ್ರೆಯ ಗಿರಗಿಟ್ಲೆಯ ಹಾಗೆ ಲೊಳಲೊಳ ಅನ್ನುತ್ತಿತ್ತು. ಹತ್ತನೆಯ ಇಯತ್ತೆಯಲ್ಲಿ ವಿಜ್ಞಾನದಲ್ಲಿ ಒಳ್ಳೆಯ ಮಾರ್ಕು ತೆಗೆದ ಹುಡುಗಿ ನಾನು. ಆ ಮಾರ್ಕಿನ ಸುದ್ದಿಯನ್ನು ಆ ದಿನ ಯಾರೂ ತೆಗೆಯಲಿಲ್ಲ, ದೊಡ್ಡ ಉಪಕಾರ.

ಮರುದಿನ ಆಯಿ ತಾನೇ ಬಂದು ಎದುರಿಗೆ ಕುಳಿತಳು. ಡೊಂಕು ಎಲ್ಲಿದೆ ಎಂದು ಕಣ್ಣಿಗೆ ಸರಿಯಾಗಿ ತಿಳಿಯುವುದಿಲ್ಲ, ಗಾಲಿ ತಿರುಗುವಾಗ ಎಲ್ಲವೂ ಒಂದೇ ಥರ ಕಾಣುತ್ತದೆ ಎಂದು ನಾನು ಗೊಣಗಿದೆ. ಆಯಿ ಸೊಂಟದಿಂದ ತಂಬಾಕಿನ ಡಬ್ಬಿ ತೆಗೆದಳು. ತಂಬಾಕು ನಿಪ್ಪಾಣಿಯದೇ ಆಗಬೇಕು ಅವಳಿಗೆ. ಡಬ್ಬಿಯ ಇನ್ನೊಂದು ಬದಿಯಲ್ಲಿ ಸುಣ್ಣ. ಹೆಬ್ಬೆರಳಿಗೆ ಅಷ್ಟು ಸುಣ್ಣ ಹಚ್ಚಿಕೊಂಡು, ಮೊಣಕೈಯನ್ನು ಮೊಣಕಾಲಿಗೆ ಊರಿ, ರಿಮ್ಮಿಗೆ ತಗಲಿಯೂ ತಗಲದಂತೆ ಬೆರಳು ಹಿಡಿದು, "ತಿರುವು" ಎಂದಳು. ತಿರುಗಿಸಿದೆ. ಉಬ್ಬಿದ ಜಾಗದಲ್ಲಿ ಮಾತ್ರ ಸುಣ್ಣದ ಬಿಳಿ ಗೆರೆ ಮೂಡಿತು. ಅಷ್ಟೇ, ನಾನು ಕುಳಿತಲ್ಲೇ ಕುಣಿದೆ. ಗೆರೆ ಇದ್ದಲ್ಲಿ ಈ ಕಡೆಯ ಕಡ್ಡಿ ಕೊಂಚ ಸಡಿಲ, ಆ ಕಡೆಯದು ಕೊಂಚ ಬಿಗಿ. ಮತ್ತೆ ಒರೆಸು, ಮತ್ತೆ ಸುಣ್ಣ, ಮತ್ತೆ ತಿರುವು. ಗೆರೆ ಗಿಡ್ಡವಾಗುತ್ತ ಬಂದಂತೆ ನಮಗಿಬ್ಬರಿಗೂ ಊಟದ ನೆನಪಾಗಲಿಲ್ಲ. ಅವ್ವ ಎರಡು ಸಲ ಬಂದು ಕರೆದು, ಮೂರನೆಯ ಸಲ ತಾಟಿನಲ್ಲಿ ರೊಟ್ಟಿ ತಂದು ಸೈಕಲ್ಲಿನ ಪಕ್ಕದಲ್ಲೇ ಇಟ್ಟು ಹೋದಳು.

ಆಗಲೇ ದೊಡ್ಡಪ್ಪನ ತಪ್ಪು ಎಲ್ಲಿ ಎಂದು ನನ್ನ ಕೈಗೆ ತಿಳಿದದ್ದು. ಪಡದ ತಂತಿಗೆ ಎರಡೂ ತುದಿಯಲ್ಲಿ ನೆಲದಲ್ಲಿ ಹೂತ ಕಲ್ಲು ಇರುತ್ತದೆ. ಎಷ್ಟು ಬೇಕಾದರೂ ಎಳೆಯಿರಿ, ಕಲ್ಲು ತಡೆದುಕೊಳ್ಳುತ್ತದೆ. ಗಾಲಿಯ ಕಡ್ಡಿಗೆ ಅಂಥ ಕಲ್ಲು ಎಲ್ಲಿಂದ ಬರಬೇಕು? ಅದಕ್ಕೆ ಎದುರಿನ ಕಡ್ಡಿಯೇ ಕಲ್ಲು. ಒಂದನ್ನು ಸುಖಾಸುಮ್ಮನೆ ಬಿಗಿದರೆ ಇನ್ನೊಂದರ ಪ್ರಾಣಕ್ಕೆ ಬರುತ್ತದೆ. ನಮ್ಮ ಕೂಡುಕುಟುಂಬದಲ್ಲಿ ಇದನ್ನು ಅರಿಯಲು ಸೈಕಲ್ಲೇ ಬೇಕಿರಲಿಲ್ಲ, ದೀಪಾವಳಿಗೆ ಸೀರೆ ತರುವ ದಿನ ಅಡುಗೆಮನೆಯಲ್ಲಿ ಕುಳಿತಿದ್ದರೆ ಸಾಕಿತ್ತು.

ನೆಟ್ಟಗಾದ ಮೇಲೆ ಬಿಗಿ ನೋಡುವ ಕೆಲಸ. ಎರಡೆರಡು ಕಡ್ಡಿಗಳನ್ನು ಸೇರಿಸಿ ಅಂಗೈಯಲ್ಲಿ ಹಿಚುಕಿದರೆ ಎಲ್ಲ ಜೋಡಿಯೂ ಒಂದೇ ಥರ ಎದುರಾಡಬೇಕು. ಆಮೇಲೆ ಉಗುರಿನಿಂದ ಬಾರಿಸಿ ಕೇಳಬೇಕು. ಭಜನೆಯಲ್ಲಿ ತಾಳ ಹಾಕಿ ಪಳಗಿದ ಆಯಿಯ ಕಿವಿ ಭಾರೀ ಚುರುಕು. ನಾನು ಬಾರಿಸುತ್ತ ಹೋದಂತೆ ಅವಳು ಕಣ್ಣು ಮುಚ್ಚಿ ಹೇಳುತ್ತಿದ್ದಳು. "ಇದು ಛಲೋ ಐತಿ. ಇದೂ ಛಲೋ. ತಡಿ, ಇದಕ್ಕ ನೆಗಡಿ ಬಂದೈತಿ. ಇದರ ಬಾಜೂದು ಜಗಳಗಂಟಿ ಐತಿ, ಅಷ್ಟ ಇಳಸು." ನೆಗಡಿಯದನ್ನು ಚೂರು ಬಿಗಿದು, ಜಗಳಗಂಟಿಯನ್ನು ಚೂರು ಸಡಿಲಿಸಿ ಮತ್ತೆ ಬಾರಿಸುತ್ತಿದ್ದೆ. ದೊಡ್ಡಪ್ಪ ಆ ಕಡೆ ಈ ಕಡೆ ಹಾಯುವಾಗ ನೋಡಿಯೂ ನೋಡದವರಂತೆ ಹೋಗುತ್ತಿದ್ದರು. ಒಮ್ಮೆ ಮಾತ್ರ ಯಾರೂ ಇಲ್ಲವೆಂದುಕೊಂಡು ಬಗ್ಗಿ ಗಾಲಿ ತಿರುಗಿಸಿ, ಕಚ್ ಎನ್ನುವುದನ್ನು ಕಾದು, ಎನ್ನದಿದ್ದಾಗ ಮೀಸೆ ತಿರುವಿಕೊಂಡದ್ದನ್ನು ನಾನು ಕಿಟಕಿಯಿಂದ ನೋಡಿದೆ.

ಶನಿವಾರ ಬಂತು. ಓಣಿಯ ಜನವೆಲ್ಲ ಕಟ್ಟೆಗಳ ಮೇಲೆ ಹಾಜರಿದ್ದರು. ಆಯಿ ಇಳಕಲ್ ಸೀರೆಗೆ ಕಚ್ಚೆ ಬಿಗಿದು, ಮುಡಿಗೆ ಹೂ ಮುಡಿದು ಹೊರಗೆ ಬಂದಳು. ಹೆಂಗಸರು ಕ್ಯಾರಿಯರಿನ ಮೇಲೆ ಒಂದು ಬದಿಗೆ ಕಾಲು ಇಳಿಬಿಟ್ಟು ಕೂರುವುದು ರೂಢಿ. ಆಯಿ ಆ ಕಡೆಗೊಂದು ಈ ಕಡೆಗೊಂದು ಕಾಲು ಹಾಕಿ, ಸವಾರನ ಹಾಗೆ ಕುಳಿತೇಬಿಟ್ಟಳು. "ಯವ್ವಾ, ಮಂದಿ ನೋಡಾಕತ್ತಾರ" ಎಂದರು ದೊಡ್ಡಪ್ಪ. "ನೋಡ್ಲಿ ಬಿಡು. ಕಚ್ಚಿ ಹಾಕ್ಕೊಂಡಾಕಿಗಿ ಯಾರ ಹೆದರಿಕಿ? ಒಂದ ಬಾಜೂ ಕುಂತ್ರ ಗಾಲಿಗಿ ಅನ್ಯಾಯ ಆಗತೈತಿ" ಎಂದಳು ಆಯಿ. ಆ ಮಾತು ತಾಂತ್ರಿಕವಾಗಿ ನೂರಕ್ಕೆ ನೂರು ಸರಿ.

ಮೊದಲ ನಾಲ್ಕು ಸುತ್ತು ತುಳಿಯುವಾಗ ತೊಡೆ ಹರಿದುಹೋಗುತ್ತದೆ ಎನಿಸಿತು. ಹ್ಯಾಂಡಲ್ ಕುಡಿದವರ ಹಾಗೆ ಓಲಾಡಿತು. ಓಣಿ ದಾಟಿ ಡಾಂಬರು ರಸ್ತೆಗೆ ಬಿದ್ದ ಮೇಲೆ ಗಾಲಿ ತನ್ನ ಲಯ ಹಿಡಿಯಿತು. ಹಿಂದಿನಿಂದ ಕಚ್ ಇಲ್ಲ, ಕಿರ್ ಇಲ್ಲ. ಒಂದೆರಡು ಮಳೆ ಬಿದ್ದು ಕಬ್ಬಿನ ಹೊಲ ತೊಳೆದಿಟ್ಟ ಹಾಗಿತ್ತು. ನನಗೆ ಕೂಗಬೇಕೆನಿಸುತ್ತಿತ್ತು, ಉಸಿರಿರಲಿಲ್ಲ. ಕೂಗುವ ಕೆಲಸವನ್ನು ಆಯಿ ವಹಿಸಿಕೊಂಡಿದ್ದಳು. ಹೊಲದಲ್ಲಿ ಕಳೆ ತೆಗೆಯುವವರಿಗೆ, ಎಮ್ಮೆ ಕಾಯುವವರಿಗೆ, ಎದುರಿಗೆ ಬಂದ ಚಕ್ಕಡಿಯವರಿಗೆ, ಎಲ್ಲರಿಗೂ, "ಮೊಮ್ಮಗಳ ಕಾಲೇಜಿಗಿ ಹೊಂಟೀವಿ" ಎಂದು ಸಾರುತ್ತಿದ್ದಳು. ಇಳಿಜಾರು ಬಂದಾಗ ನನ್ನ ಬೆನ್ನಿಗೆ ಗುದ್ದಿ, "ಬಿಡ, ಬಿಡ, ಬ್ರೇಕ ಹಿಡೀಬ್ಯಾಡ" ಎಂದಳು. ಗಾಳಿಗೆ ಅವಳ ಸೆರಗು ಬೆನ್ನ ಹಿಂದೆ ಪಟಪಟ ಬಡಿಯುವುದು ಕೇಳುತ್ತಿತ್ತು. ಪರೀಕ್ಷಕರು ಇಷ್ಟು ಖುಷಿಯಾಗಿದ್ದ ಪರೀಕ್ಷೆಯನ್ನು ನಾನು ಮತ್ತೆಂದೂ ಬರೆಯಲಿಲ್ಲ.

ಕಾಗವಾಡದಲ್ಲಿ ಇಳಿದು ಕಾಲೇಜಿನ ಗೇಟಿನೊಳಗೆ ಹೋದೆವು. ರಜೆ ಇದ್ದುದರಿಂದ ಕಾವಲುಗಾರ ಒಬ್ಬನೇ ಇದ್ದ. "ಯಾರ ಬೇಕ್ರಿ ಅಜ್ಜಿ?" ಎಂದ. "ಯಾರೂ ಬ್ಯಾಡ. ನೋಡಾಕ ಬಂದೀನಿ" ಎಂದ ಆಯಿ, ವರಾಂಡದಲ್ಲಿದ್ದ ಕಲ್ಲಿನ ಕಟ್ಟೆಯ ಮೇಲೆ ನಟ್ಟನಡುವೆ ಕುಳಿತು, ಎರಡು ಸಲ ಮೈ ಅಲುಗಾಡಿಸಿ, ಕಿವಿಗೊಟ್ಟಳು. ಆಮೇಲೆ ಎದ್ದು, "ಗಟ್ಟಿ ಐತಿ ಬೇ. ಕಲೀ" ಎಂದಳು. ಆ ಕಾಲೇಜನ್ನು ಆಮೇಲೆ ಯಾರ್ಯಾರೋ ಬಂದು ಪರಿಶೀಲಿಸಿ ಹೋದರು, ಅವರಲ್ಲಿ ಯಾರ ಸರ್ಟಿಫಿಕೇಟನ್ನೂ ನಾನು ಇದರಷ್ಟು ನಂಬಲಿಲ್ಲ.

ತಿರುಗಿ ಬರುವಾಗ ಅರ್ಧ ದಾರಿ ದಾಟಿತ್ತು. ರಸ್ತೆಯ ಮೇಲೆ ನಿಂತ ಮಳೆನೀರನ್ನು ನಾನು ತೆಳುವಾದ ನೀರೆಂದುಕೊಂಡೆ. ಒಳಗೆ ಗುಂಡಿ ಇತ್ತು. ಹಿಂದಿನ ಗಾಲಿ ಧಡಂ ಎಂದು ಇಳಿದು ಎದ್ದಿತು. ಅದರ ಬೆನ್ನಿಗೇ ಟಿಣ್ ಎನ್ನುವ ಸಣ್ಣ ಸದ್ದು. ಅದು ಬಾರಿಸಿದಾಗ ಬರುವ ಟಿಣ್ ಅಲ್ಲ. ನನ್ನ ಕಿವಿಗೂ ಗೊತ್ತಾಯಿತು, ನನಗಿಂತ ಮೊದಲು ಆಯಿಯ ಕಿವಿಗೆ. ಅವಳ ಮಾತು ಅಲ್ಲಿಗೇ ನಿಂತಿತು. ಹತ್ತು ಮಾರು ಹೋಗುವಷ್ಟರಲ್ಲಿ ಕಚ್, ಕಚ್ ಎಂದು ಬ್ರೇಕಿಗೆ ತಗಲತೊಡಗಿತು.

ಇಳಿದು ನೋಡಿದೆ. ಒಂದು ಕಡ್ಡಿ ಗಾಲಿಯ ನಡುವಿನ ಗುಂಬದ ಹತ್ತಿರ ತುಂಡಾಗಿ ಜೋತಾಡುತ್ತಿತ್ತು. ನಾನು ರಸ್ತೆಯ ಬದಿಯ ಮಣ್ಣಿನಲ್ಲಿ ಕುಳಿತು ಅತ್ತೆ. ಹೊಲಿಗೆ ಯಂತ್ರ ಕಣ್ಣ ಮುಂದೆ ಬಂತು. "ಒಂದ ಕಡ್ಡಿ ಮುರದ್ರೂ ಅಂದಿದ್ರ ದೊಡ್ಡಪ್ಪ" ಎಂದೆ. ಆಯಿ ನನ್ನನ್ನು ಅಳಲು ಬಿಟ್ಟಳು. ಸಮಾಧಾನ ಹೇಳುವುದು ಅವಳ ಸ್ವಭಾವವಲ್ಲ. ತಂಬಾಕು ತಿಕ್ಕಿ ಬಾಯಿಗೆ ಹಾಕಿಕೊಂಡು ಸುತ್ತ ನೋಡಿದಳು. ಎರಡೂ ಬದಿಗೆ ಕಬ್ಬು, ದೊಡ್ಡಪ್ಪ ಹೇಳಿದ್ದ ಹಾಗೆಯೇ. ದೂರದವರೆಗೆ ನರಪಿಳ್ಳೆ ಇರಲಿಲ್ಲ.

"ಅತ್ತಿದ್ದು ಮುಗೀತೇನ?" ಎಂದಳು ಆಮೇಲೆ. "ಮುಗದಿತ್ತಂದ್ರ ಹೇಳು, ಊರಿಗಿ ಹ್ಯಾಂಗ ಹೋಗೂದು?"

ಬುಟ್ಟಿಯಲ್ಲಿ ಅಂಗಡಿಯವನ ಚಾವಿ ಇತ್ತು. ಏಕೆ ಹಾಕಿಕೊಂಡು ಬಂದಿದ್ದೆನೋ, ಪೆನ್ನು ಇಟ್ಟುಕೊಂಡು ಪರೀಕ್ಷೆಗೆ ಹೋಗುವ ಅಭ್ಯಾಸವಿರಬೇಕು. ಸೈಕಲ್ಲನ್ನು ತಲೆಕೆಳಗು ಮಾಡಿದೆ. ಮುರಿದ ಕಡ್ಡಿಯನ್ನು ತಿರುವಿ ಹೊರಗೆ ತೆಗೆದೆ. ಆಯಿ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿದಳು, ಹೆಬ್ಬೆರಳಿಗೆ ಸುಣ್ಣ ಹಚ್ಚಿದಳು, ರಸ್ತೆಯ ಮೇಲೆಯೇ ಕುಕ್ಕರಗಾಲಲ್ಲಿ ಕುಳಿತು, "ತಿರುವು" ಎಂದಳು. ಒಬ್ಬ ಹೋದರೆ ಉಳಿದವರು ಭಾರ ಹಂಚಿಕೊಳ್ಳಬೇಕು. ಮುರಿದದ್ದರ ಆಚೀಚಿನವು, ಅದೇ ಬದಿಯವು, ಕೊಂಚ ಹೆಚ್ಚು ಎಳೆಯಬೇಕು. ಎದುರು ಬದಿಯವು ಕೊಂಚ ಬಿಟ್ಟುಕೊಡಬೇಕು. ಈ ಸಲ ಯಾವ ಕಡೆ ತಿರುಗಿಸಬೇಕೆಂದು ಕೈ ಮರೆಯಲಿಲ್ಲ. ಸುಣ್ಣದ ಗೆರೆ ಗಿಡ್ಡವಾಯಿತು, ಇನ್ನೂ ಗಿಡ್ಡವಾಯಿತು, ಒಂದು ಚುಕ್ಕೆಯಾಗಿ ಉಳಿಯಿತು. ಕಚ್ ನಿಂತಿತು. ನನ್ನ ಅಳು ಯಾವಾಗಲೋ ನಿಂತುಹೋಗಿ, ಮುಖದ ತುಂಬ ಗ್ರೀಸು ಮೆತ್ತಿಕೊಂಡು ನಾನು ನಗುತ್ತಿದ್ದೆ ಎಂದು ಆಯಿ ಆಮೇಲೆ ಎಲ್ಲರಿಗೂ ಹೇಳುತ್ತಿದ್ದಳು.

"ಆಯಿ, ನೀ ಈಗ ನಡಕೊಂತ ಬಾ, ನಾ ಸೈಕಲ್ ನೂಕ್ಕೊಂಡ ಬರ್ತೀನಿ" ಎಂದೆ. "ಯಾಕ? ಕುಂಡರಲಿಲ್ಲಂದ್ರ ನೋಡಿಧಂಗ ಹ್ಯಾಂಗ ಆತು?" ಎಂದು ಆ ಕಡೆಗೊಂದು ಈ ಕಡೆಗೊಂದು ಕಾಲು ಹಾಕಿ ಮತ್ತೆ ಕುಳಿತಳು. ಗಾಲಿ ಅವಳನ್ನು ಹೊತ್ತಿತು. ಉಳಿದ ದಾರಿಯಲ್ಲಿ ನಾನು ಉಸಿರನ್ನೂ ಹಗುರವಾಗಿ ಬಿಡುತ್ತಿದ್ದೆ. ತುಳಿಯುವಾಗೆಲ್ಲ ಒಂದೇ ಬೇಡಿಕೆ. ಆಯಿ ಆ ಕಡ್ಡಿಯನ್ನು ಯಾರಿಗೂ ತೋರಿಸದಿರಲಿ. ಅವಳ ಸೊಂಟದಲ್ಲಿ ಎಷ್ಟೋ ಸಾಮಾನುಗಳು ಮಾಯವಾದದ್ದನ್ನು ನಾನು ನೋಡಿದ್ದೆ. ಇದೂ ಒಂದು ಮಾಯವಾದರೆ ಏನು ತಪ್ಪು?

ಅಂಗಳದಲ್ಲಿ ದೊಡ್ಡಪ್ಪ ನಿಂತಿದ್ದರು. ನಿಂತ ಹಾಗೆ ಕಾಣಬಾರದೆಂದು ಎತ್ತಿನ ಕೊರಳ ಗಂಟೆ ಒರೆಸುತ್ತಿದ್ದರು. ಅವ್ವ, ಅಪ್ಪ ಬಾಗಿಲಲ್ಲಿ. ಆಯಿ ಇಳಿದಳು. ದೊಡ್ಡಪ್ಪ ಹಿಂದಿನ ಗಾಲಿ ಎತ್ತಿ ಒಮ್ಮೆ ತಿರುಗಿಸಿದರು. ಗಾಲಿ ಸದ್ದಿಲ್ಲದೆ ತಿರುಗಿತು. "ಹಂಗಾರ ಯಾವದೂ ಮುರೀಲಿಲ್ಲ" ಎಂದರು, ನಾನು ನಿರೀಕ್ಷಿಸಿದ್ದಕ್ಕಿಂತ ಮೆತ್ತಗೆ.

ನಾನು ಆಯಿಯ ಕಡೆ ನೋಡಿದೆ. ಆಯಿ ಸೊಂಟಕ್ಕೆ ಕೈ ಹಾಕಿ, ಕಡ್ಡಿ ಹಿರಿದು ದೊಡ್ಡಪ್ಪನ ಅಂಗೈಯ ಮೇಲೆ ಇಟ್ಟಳು.

"ಮುರೀತು" ಎಂದಳು. "ಅರ್ಧ ಹಾದ್ಯಾಗ, ಕಬ್ಬಿನ ನಡುವ, ನೀ ಹೇಳಿದ ಜಾಗಾದಾಗನ ಮುರೀತು. ಈಕಿ ಅತ್ಲು. ಆಮ್ಯಾಲ ಎದ್ದ ಕುಂತು ಸರಿ ಮಾಡಿದ್ಲು. ನನ್ನ ಹೊತ್ಕೊಂಡ ಬಂದ್ಲು." ಬಾಯಿಯ ತಂಬಾಕನ್ನು ಒಂದು ಬದಿಗೆ ಸರಿಸಿದಳು. "ಅಥಣಿ ಹಾದ್ಯಾಗ ಟ್ರ್ಯಾಕ್ಟರ ಕೆಟ್ಟಾಗ ನೀ ಹ್ಯಾಂಗ ಬಂದಿದ್ದೆಪಾ?"

ಅಪ್ಪ ಅಣ್ಣನ ಎದುರು ಜೀವನದಲ್ಲಿ ಮೊದಲ ಸಲ ಕೆಮ್ಮಿದರು. ದೊಡ್ಡಪ್ಪ ಕಡ್ಡಿಯನ್ನು ತಿರುಗಿಸಿ ನೋಡಿದರು, ಗಾಲಿಯಲ್ಲಿ ಕಡ್ಡಿ ಇಲ್ಲದ ಜಾಗವನ್ನು ಹುಡುಕಿ ನೋಡಿದರು, ಅದರ ಅಕ್ಕಪಕ್ಕದವನ್ನು ಉಗುರಿನಿಂದ ಬಾರಿಸಿ ಕೇಳಿದರು. ಆಮೇಲೆ ನನ್ನ ಗ್ರೀಸು ಮೆತ್ತಿದ ಮುಖ ನೋಡಿ, "ನಾ ಕೇಳಿದ್ದು ಇದನ್ನ ಅಲ್ಲೇನ, ಮುರದ್ರ ಈಕಿ ಏನ ಮಾಡ್ಬೇಕಂತ" ಎಂದರು. ಕಡ್ಡಿಯನ್ನು ಆಯಿಯ ಕೈಗೆ ವಾಪಸು ಕೊಟ್ಟು, "ಸೋಮವಾರ ಹೋಗು" ಎಂದರು.

ಆ ಕಡ್ಡಿ ಈಗಲೂ ನಿಪ್ಪಾಣಿಯ ನಮ್ಮ ಮನೆಯಲ್ಲಿ, ದಾರದುಂಡೆಗಳ ಡಬ್ಬಿಯಲ್ಲಿದೆ. ಆದಿತ್ಯವಾರ ಆಯಿ ಅದರ ಮುರಿದ ತುದಿಯನ್ನು ಕಲ್ಲಿಗೆ ತಿಕ್ಕಿ ನಯ ಮಾಡಿದಳು. ಇನ್ನೊಂದು ತುದಿಯನ್ನು ಮಣಿಸಿ ಕಣ್ಣು ಮಾಡಿಕೊಡಲು ದೊಡ್ಡಪ್ಪನಿಗೆ ಹೇಳಿದಳು. ಅವರು ಅದೇ ಪಕ್ಕಡ ತಂದು, ನಾಲಿಗೆ ಕಚ್ಚಿ ಹಿಡಿದು, ಸೂಜಿಯಂಥ ಸಣ್ಣ ಕಣ್ಣು ಮಾಡಿದರು. ಸೋಮವಾರ ಬೆಳಿಗ್ಗೆ ನನ್ನ ಹೊಸ ಪಂಜಾಬಿ ಡ್ರೆಸ್ಸಿಗೆ ಲಾಡಿ ಪೋಣಿಸುವುದಿತ್ತು. ಅಂಥ ಬಟ್ಟೆಯನ್ನು ಹುಟ್ಟಿದಾರಭ್ಯ ತೊಡದ ಆಯಿ, ಕಡ್ಡಿಗೆ ಲಾಡಿ ಕಟ್ಟಿ, ಸೊಂಟಪಟ್ಟಿಯ ಒಂದು ಬಾಯಿಯಿಂದ ತೂರಿಸಿ ಇನ್ನೊಂದು ಬಾಯಿಯಿಂದ ಎಳೆದು ಕೊಟ್ಟಳು.

ನಾನು ಸೈಕಲ್ ಹತ್ತಿದಾಗ ಹಿಂದೆ ಭಾರವಿರಲಿಲ್ಲ. ಗಾಲಿ ಮುಂದಕ್ಕೆ ಹಾರಿತು. ಓಣಿಯ ತಿರುವಿನಲ್ಲಿ ದೊಡ್ಡಪ್ಪನ ದನಿ ಕೇಳಿತು, "ಕಡ್ಡಿ ಬಾರಿಸಿ ನೋಡೀ ಇಲ್ಲೋ?" ನೋಡಿದ್ದೆ. ಅವತ್ತಿನಿಂದ ನೋಡುತ್ತಲೇ ಇದ್ದೇನೆ.